ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ: ಕಾರ್ಖಾನೆಯ ಯೂನಿಯನ್ ಮಾಡಿಕೊಳ್ಳಬೇಕಾದ ಸಿದ್ಧತೆ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಯೂನಿಯನ್‌ಗಳ ದಿನನಿತ್ಯದ ಕೆಲಸವನ್ನು ನೇರವಾಗಿ ಬದಲಿಸಿರುವುದು 2020ರಲ್ಲೇ ಸಂಸತ್ತಿನ ಒಪ್ಪಿಗೆ ಪಡೆದಿದ್ದ ಕೈಗಾರಿಕಾ ಸಂಬಂಧಗಳ ಸಂಹಿತೆ. ನೋಂದಣಿಗೆ ಆಧಾರವಾಗಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆ, ಶಿಸ್ತುಕ್ರಮಗಳಿಗೆ ಆಧಾರವಾಗಿದ್ದ 1946ರ ಸ್ಥಾಯಿ ಆದೇಶಗಳ (ಕಾರ್ಖಾನೆಯ ಲಿಖಿತ ಸೇವಾ ನಿಯಮಗಳ) ಕಾಯ್ದೆ, ಮುಷ್ಕರ ಮತ್ತು ವಜಾ ಪ್ರಕರಣಗಳಿಗೆ ಆಧಾರವಾಗಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಈ ಮೂರೂ ಅದರೊಳಗೆ ಕರಗಿವೆ. ಈ ಸಂಹಿತೆ ಕಾರ್ಮಿಕರಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ, ಮುಂದೆಯೂ ನಡೆಯಲಿ. ಆ ಚರ್ಚೆ ಮುಗಿಯುವವರೆಗೆ ಕಾಯಲಾಗದ ಕೆಲವು ಕೆಲಸಗಳು ಪ್ರತಿ ಕಾರ್ಖಾನೆಯ ಯೂನಿಯನ್ ಮುಂದಿವೆ. ಪೀಣ್ಯ, ಬಿಡದಿ, ಬೊಮ್ಮಸಂದ್ರ, ನಂಜನಗೂಡಿನಂಥ ಕಡೆಗಳಲ್ಲಿ ಒಂದೇ ಕಾರ್ಖಾನೆಗೆ ಸೀಮಿತವಾದ ಯೂನಿಯನ್‌ಗಳನ್ನು ನಡೆಸುತ್ತಿರುವ ಪದಾಧಿಕಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಇದುವರೆಗೆ ಯೂನಿಯನ್ನಿನ ಬಲವನ್ನು ಮ್ಯಾನೇಜ್‌ಮೆಂಟ್ ಅಳೆಯುತ್ತಿದ್ದುದು ಗೇಟ್ ಮೀಟಿಂಗಿಗೆ ಸೇರುವ ಜನರಿಂದ. ಈಗ ಅದನ್ನು ಅಳೆಯುವುದು ಸದಸ್ಯತ್ವದ ರಿಜಿಸ್ಟರ್ ಮತ್ತು ತಾರೀಖು ಹಾಕಿ ಸ್ವೀಕೃತಿ ಪಡೆದ ಪತ್ರಗಳು. ನೋಂದಣಿ ಉಳಿಯುವುದು, ಮಾತುಕತೆಯ ಮೇಜಿನಲ್ಲಿ ಕುರ್ಚಿ ಸಿಗುವುದು, ಮುಷ್ಕರ ಕಾನೂನುಬದ್ಧವಾಗುವುದು, ಎಲ್ಲವೂ ಲೆಕ್ಕದ ಮೇಲೆ ನಿಂತಿವೆ. ರಶೀದಿ ಪುಸ್ತಕವನ್ನು ಖಜಾಂಚಿಯ ಮನೆಯ ಕಪಾಟಿನಲ್ಲಿಟ್ಟು ಮರೆತಿರುವ ಯೂನಿಯನ್‌ಗಳಿಗೆ ಇದು ಕಷ್ಟಕಾಲ.

ಯಾವ ಸರ್ಕಾರ, ಯಾವ ನಿಯಮ

ಯಾವುದೇ ಅರ್ಜಿ ಬರೆಯುವ ಮುನ್ನ ನಿಮ್ಮ ಸಂಸ್ಥೆಗೆ ಸಂಬಂಧಪಟ್ಟ ಸರ್ಕಾರ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಖಾಸಗಿ ಕಾರ್ಖಾನೆಗಳು, ಗಾರ್ಮೆಂಟ್ಸ್ ಘಟಕಗಳು, ಐಟಿ ಕಂಪನಿಗಳು ಮತ್ತು ರಾಜ್ಯದ ನಿಗಮಗಳಿಗೆ ರಾಜ್ಯ ಸರ್ಕಾರವೇ ಸಂಬಂಧಪಟ್ಟ ಸರ್ಕಾರ. ಅವುಗಳ ವಿವಾದಗಳು ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರಂಥ ಅಧಿಕಾರಿಗಳ ಮುಂದೆ ಹೋಗುತ್ತವೆ. ಎಚ್‌ಎಎಲ್, ಬಿಇಎಲ್‌ನಂಥ ಕೇಂದ್ರೋದ್ಯಮಗಳು, ರೈಲ್ವೆ, ಬ್ಯಾಂಕು ಮತ್ತು ಗಣಿಗಳು ಕೇಂದ್ರದ ವ್ಯಾಪ್ತಿಯಲ್ಲಿವೆ. ಸಂಹಿತೆಯ ಅನೇಕ ಕಲಮುಗಳು ‘ನಿಯಮಗಳಲ್ಲಿ ಹೇಳಿರುವಂತೆ’ ಎಂದು ಮುಗಿಯುತ್ತವೆ. ನಮೂನೆಗಳು, ಸದಸ್ಯಬಲದ ಪರಿಶೀಲನೆಯ ವಿಧಾನ, ಕನಿಷ್ಠ ಚಂದಾ ಇವೆಲ್ಲ ನಿಯಮಗಳಿಗೆ ಸೇರಿದ ವಿಷಯಗಳು. ಆದ್ದರಿಂದ ಪ್ರತಿ ಅರ್ಜಿಗೂ ಮುನ್ನ ಆಯಾ ಸರ್ಕಾರದ ರಾಜ್ಯಪತ್ರದಲ್ಲಿ ಪ್ರಕಟವಾದ ಅಂತಿಮ ನಿಯಮಗಳನ್ನೇ ನೋಡಬೇಕು. ಕರಡು ನಿಯಮಗಳನ್ನು ಪಿಡಿಎಫ್ ರೂಪದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದವರ ಮಾತನ್ನು ನಂಬಿ ನಮೂನೆ ತುಂಬಬಾರದು.

ಇನ್ನೊಂದು ಪ್ರಶ್ನೆ, ‘ಕಾರ್ಮಿಕ’ ಯಾರು ಎಂಬುದು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರು ಈ ವ್ಯಾಖ್ಯೆಯ ಹೊರಗಿದ್ದಾರೆ. ಹಳೆಯ ಕಾಯ್ದೆಯಲ್ಲಿ ಈ ಮಿತಿ 10,000 ರೂಪಾಯಿ ಇತ್ತು. ಇಲ್ಲಿ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವೇ ಮುಖ್ಯ. ‘ಟೀಮ್ ಲೀಡರ್’ ಎಂದು ಬ್ಯಾಡ್ಜ್ ಕೊಟ್ಟು, ಲೈನಿನಲ್ಲಿ ಎಲ್ಲರಂತೆ ಬೋಲ್ಟ್ ಬಿಗಿಸುವ ಕೆಲಸವನ್ನೇ ಮಾಡಿಸುತ್ತಿದ್ದರೆ ಆತ ಕಾರ್ಮಿಕನೇ. ಅಪ್ರೆಂಟಿಸ್ ಕಾಯ್ದೆಯಡಿ ಇರುವವರೂ ಈ ವ್ಯಾಖ್ಯೆಗೆ ಸೇರುವುದಿಲ್ಲ. ಕಾರ್ಖಾನೆಯಲ್ಲಿ ‘ಟ್ರೈನಿ’ ಎಂದು ಕರೆಸಿಕೊಳ್ಳುವ ಎಲ್ಲರೂ ಅಪ್ರೆಂಟಿಸ್‌ಗಳಲ್ಲ, ಅವರ ನೇಮಕಾತಿ ಪತ್ರವನ್ನು ಓದಿಯೇ ತೀರ್ಮಾನಿಸಬೇಕು.

ನೋಂದಣಿ

ಹೊಸದಾಗಿ ಸಂಘ ಕಟ್ಟುವವರು ಕನಿಷ್ಠ ಏಳು ಮಂದಿ ಸೇರಿ ಅರ್ಜಿ ಹಾಕಬಹುದು. ಆದರೆ ಅರ್ಜಿಯ ದಿನ ಆ ಸಂಸ್ಥೆಯ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸದಸ್ಯರಾಗಿರಬೇಕು. 400 ಜನರಿರುವ ಕಾರ್ಖಾನೆಗೆ 40 ಮಂದಿ ಸಾಕು, 3,000 ಜನರಿರುವ ಕಾರ್ಖಾನೆಗೆ 100 ಮಂದಿ. ಅರ್ಜಿಯ ಜೊತೆ ಪ್ರಮಾಣಪತ್ರ (ಅಫಿಡವಿಟ್), ಸಂಘದ ಬೈಲಾ, ಬೈಲಾವನ್ನು ಅಂಗೀಕರಿಸಿದ ಠರಾವು, ಅರ್ಜಿ ಸಲ್ಲಿಸಲು ಅಧಿಕಾರ ಕೊಟ್ಟ ಠರಾವು ಇರಬೇಕು. ಈ ಠರಾವುಗಳನ್ನು ಸಭೆಯ ದಿನವೇ ನಡಾವಳಿ ಪುಸ್ತಕದಲ್ಲಿ ಬರೆದು, ಹಾಜರಿದ್ದವರ ಸಹಿ ತೆಗೆದುಕೊಳ್ಳಿ. ತಿಂಗಳ ನಂತರ ಸಹಿ ಸಂಗ್ರಹಿಸಲು ಹೊರಟರೆ, ಅಷ್ಟರಲ್ಲಿ ವರ್ಗಾವಣೆಯಾದವನು ಒಬ್ಬ, ‘ನನ್ನ ಹೆಸರು ಬೇಡ ಅಣ್ಣ’ ಎನ್ನುವವನು ಇನ್ನೊಬ್ಬ ಸಿಕ್ಕೇ ಸಿಗುತ್ತಾರೆ. ರಿಜಿಸ್ಟ್ರಾರ್ ನೋಂದಣಿಯನ್ನು ನಿರಾಕರಿಸಿದರೆ ಕೈಗಾರಿಕಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಹಳೆಯ ಸಂಘಗಳು ಮತ್ತೆ ನೋಂದಣಿ ಮಾಡಿಸಬೇಕಾಗಿಲ್ಲ. 1926ರ ಕಾಯ್ದೆಯಡಿ ಚಾಲ್ತಿಯಲ್ಲಿದ್ದ ನೋಂದಣಿಯನ್ನು ಹೊಸ ಸಂಹಿತೆಯಡಿಯ ನೋಂದಣಿಯೆಂದೇ ಪರಿಗಣಿಸಲಾಗುತ್ತದೆ. ಆದರೆ ತಮ್ಮ ಬೈಲಾ ಹೊಸ ಸಂಹಿತೆಗೆ ಹೊಂದಿಕೆಯಾಗಿದೆ ಎಂಬ ಹೇಳಿಕೆಯನ್ನು ಅವು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ದಶಕಗಳ ಹಿಂದೆ ಯಾರೋ ಹಿರಿಯರು ಬೇರೆ ಸಂಘದ ಬೈಲಾವನ್ನು ನಕಲು ಮಾಡಿಸಿ ಇಟ್ಟದ್ದೇ ಇಂದಿಗೂ ನಡೆದುಕೊಂಡು ಬಂದಿರುವ ಸಂಘಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರು ಮೊದಲು ಬೈಲಾ ಹುಡುಕಿ ತೆಗೆಯಬೇಕು. ಸದಸ್ಯರ ಪಟ್ಟಿಯ ನಿರ್ವಹಣೆ, ವಾರ್ಷಿಕ ಸಾಮಾನ್ಯ ಸಭೆ, ಪದಾಧಿಕಾರಿಗಳ ಚುನಾವಣೆ ಮತ್ತು ಪದಚ್ಯುತಿ, ಹಣದ ಭದ್ರತೆ ಮತ್ತು ಲೆಕ್ಕಪರಿಶೋಧನೆ, ಇವುಗಳ ಬಗ್ಗೆ ಅದರಲ್ಲಿ ಸ್ಪಷ್ಟ ಮಾತುಗಳಿವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಸಾಮಾನ್ಯ ಸಭೆ ಕರೆದು ತಿದ್ದುಪಡಿ ಮಾಡಬೇಕು. ಸದಸ್ಯಬಲವು ಶೇ 10 ಅಥವಾ 100ರ ಮಿತಿಗಿಂತ ಕೆಳಗಿಳಿದರೆ ನೋಂದಣಿ ರದ್ದಾಗಬಹುದು ಎಂಬುದನ್ನು ಮರೆಯಬಾರದು. ಕಾರ್ಖಾನೆಯ ಹೊರಗಿನ ಪದಾಧಿಕಾರಿಗಳು ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗವನ್ನಾಗಲಿ ಐದು ಮಂದಿಯನ್ನಾಗಲಿ, ಯಾವುದು ಕಡಿಮೆಯೋ ಅದನ್ನು, ಮೀರುವಂತಿಲ್ಲ.

ನೋಂದಣಿಯನ್ನು ಬರೀ ಕಾಗದವೆಂದು ಕಡೆಗಣಿಸುವವರಿಗೆ ಒಂದು ಹಳೆಯ ಸಂಗತಿ ನೆನಪಿರಲಿ. 1918ರಲ್ಲಿ ಬಿ.ಪಿ. ವಾಡಿಯಾ ಮುಂದಾಳುತನದಲ್ಲಿ ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್ನಿನ ಮೇಲೆ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲಿನವರು ಮುಷ್ಕರದ ನಷ್ಟಕ್ಕಾಗಿ ಹೈಕೋರ್ಟಿನಲ್ಲಿ ದಾವೆ ಹೂಡಿದ್ದರು. ನೋಂದಾಯಿತ ಸಂಘಗಳಿಗೆ ಇಂಥ ದಾವೆಗಳಿಂದ ರಕ್ಷಣೆ ಕೊಡುವ 1926ರ ಕಾಯ್ದೆ ಬಂದುದು ಆ ಅನುಭವದ ಬೆನ್ನಿಗೇ. ಆ ರಕ್ಷಣೆ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ, ಮತ್ತು ಇಂದಿಗೂ ಅದು ಸಿಗುವುದು ನೋಂದಾಯಿತ ಸಂಘಕ್ಕೇ.

ಮಾತುಕತೆಯ ಹಕ್ಕು: ಶೇ 51 ಮತ್ತು ಶೇ 20ರ ಲೆಕ್ಕ

ಸಂಹಿತೆಯಲ್ಲಿ ಯೂನಿಯನ್‌ಗಳಿಗೆ ನಿಜಕ್ಕೂ ಹೊಸದಾದ ಅಧ್ಯಾಯವಿದು. ಹಳೆಯ ಕೇಂದ್ರ ಕಾಯ್ದೆಗಳಲ್ಲಿ ಯೂನಿಯನ್ನಿಗೆ ಮಾನ್ಯತೆ ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ. 1958ರ ಶಿಸ್ತು ಸಂಹಿತೆ ಇದ್ದರೂ ಅದು ಸ್ವಯಂಪ್ರೇರಿತವಾದದ್ದು. ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾಯ್ದೆ ಮಾಡಿಕೊಂಡಿದ್ದವು; ಮಹಾರಾಷ್ಟ್ರದ ಕಾಯ್ದೆ 1971ರದು. ಈಗ ಒಂದೇ ನೋಂದಾಯಿತ ಸಂಘವಿರುವ ಕಡೆ, ನಿಯಮಗಳಲ್ಲಿ ಹೇಳಿದ ಅರ್ಹತೆಗೆ ಒಳಪಟ್ಟು, ಮಾಲೀಕರು ಅದನ್ನು ಏಕೈಕ ನೆಗೋಷಿಯೇಟಿಂಗ್ ಯೂನಿಯನ್ (ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಸಂಘ) ಎಂದು ಮಾನ್ಯ ಮಾಡಬೇಕು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಕಂಪನಿಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರಲ್ಲಿ ಶೇ 51 ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಬೆಂಬಲವಿರುವ ಸಂಘಕ್ಕೆ ಆ ಸ್ಥಾನ. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ, ತಲಾ ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳಿಂದ ಒಂದು ನೆಗೋಷಿಯೇಟಿಂಗ್ ಕೌನ್ಸಿಲ್ ರಚನೆಯಾಗುತ್ತದೆ. ಮಾನ್ಯತೆಯ ಅವಧಿ ಮೂರು ವರ್ಷ, ಎರಡೂ ಕಡೆಯವರು ಒಪ್ಪಿದರೆ ಒಟ್ಟು ಐದು ವರ್ಷದವರೆಗೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಕಾರ್ಖಾನೆಯ ಲೆಕ್ಕದಲ್ಲಿ ನೋಡೋಣ. ಮಸ್ಟರ್ ರೋಲ್‌ನಲ್ಲಿ 640 ಮಂದಿ ಇದ್ದಾರೆ. ಮೊದಲ ಸಂಘಕ್ಕೆ 300, ಎರಡನೆಯದಕ್ಕೆ 180, ಮೂರನೆಯದಕ್ಕೆ 120 ಸದಸ್ಯರಿದ್ದಾರೆ. 40 ಮಂದಿ ಯಾವ ಸಂಘದಲ್ಲೂ ಇಲ್ಲ. ಶೇ 51 ಎಂದರೆ ಇಲ್ಲಿ 327 ಮಂದಿ. ಅತಿ ದೊಡ್ಡದಾದ ಮೊದಲ ಸಂಘಕ್ಕೂ 27 ಮಂದಿಯ ಕೊರತೆಯಿದೆ, ಹಾಗಾಗಿ ಅದು ಒಂಟಿಯಾಗಿ ಒಪ್ಪಂದಕ್ಕೆ ಸಹಿ ಹಾಕುವ ಹಕ್ಕು ಪಡೆಯುವುದಿಲ್ಲ. ಶೇ 20 ಎಂದರೆ 128 ಮಂದಿ. ಮೂರನೆಯ ಸಂಘಕ್ಕೆ ಎಂಟು ಮಂದಿ ಕಡಿಮೆಯಾದ ಕಾರಣ 120 ಕಾರ್ಮಿಕರ ಪರವಾಗಿ ಕೌನ್ಸಿಲ್ಲಿನಲ್ಲಿ ಮಾತಾಡುವವರೇ ಇರುವುದಿಲ್ಲ. ಯಾವ ಸಂಘಕ್ಕೂ ಸೇರದ ಆ 40 ಮಂದಿಯ ಮನಸ್ಸು ಎತ್ತ ಒಲಿಯುತ್ತದೆ ಎಂಬುದರ ಮೇಲೆ ಕಾರ್ಖಾನೆಯ ಮುಂದಿನ ವೇತನ ಒಪ್ಪಂದ ಯಾರ ಕೈಯಲ್ಲಿರುತ್ತದೆ ಎಂಬುದು ನಿಂತಿದೆ.

ಆ 40 ಮಂದಿ ಸಾಮಾನ್ಯವಾಗಿ ಯಾರಾಗಿರುತ್ತಾರೆ? ಹೆಚ್ಚಿನ ಕಡೆ ನಿಗದಿತ ಅವಧಿಗೆ ನೇಮಕವಾದವರು, ಅಂದರೆ ಎಫ್‌ಟಿಇ ಹುಡುಗರು ಮತ್ತು ಹುಡುಗಿಯರು. ನಮ್ಮ ಕಾರ್ಖಾನೆ ಸಂಘಗಳು ಬಹುಕಾಲದಿಂದ ಪರ್ಮನೆಂಟ್ ಕಾರ್ಮಿಕರ ಸಂಘಗಳಾಗಿಯೇ ಉಳಿದಿವೆ; ಎರಡು ವರ್ಷದ ಕರಾರಿನ ಮೇಲೆ ಬಂದವರನ್ನು ‘ಇವತ್ತು ಇರ್ತಾರೆ, ನಾಳೆ ಹೋಗ್ತಾರೆ’ ಎಂದು ಬಿಟ್ಟುಬಿಡುವುದು ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಈ ರೂಢಿಯನ್ನು ಇನ್ನು ಮುಂದುವರಿಸಿದರೆ ಸಂಘವು ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ನಿಗದಿತ ಅವಧಿಯವರು ಕಂಪನಿಯ ಮಸ್ಟರ್ ರೋಲ್‌ನಲ್ಲೇ ಇರುತ್ತಾರೆ, ಆದ್ದರಿಂದ ಶೇಕಡಾವಾರು ಲೆಕ್ಕದ ಛೇದದಲ್ಲಿ ಸೇರುತ್ತಾರೆ. ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳದಿದ್ದರೆ, ಪರ್ಮನೆಂಟ್ ಕಾರ್ಮಿಕರೆಲ್ಲ ಒಂದೇ ಸಂಘದಲ್ಲಿದ್ದರೂ ಶೇ 51 ದಾಟದೆ ಹೋಗಬಹುದು. ಗುತ್ತಿಗೆದಾರನ ಮಸ್ಟರ್ ರೋಲ್‌ನಲ್ಲಿರುವ ಕಾಂಟ್ರಾಕ್ಟ್ ಕಾರ್ಮಿಕರ ಸ್ಥಿತಿ ಬೇರೆ: ಅವರ ಮಾಲೀಕ ಯಾರು ಎಂಬುದೇ ಅನೇಕ ಕಡೆ ವಿವಾದದ ವಿಷಯವಾಗಿರುವುದರಿಂದ, ಸದಸ್ಯಬಲದ ಪರಿಶೀಲನೆಗೆ ಮುನ್ನವೇ ಆ ಪ್ರಶ್ನೆಯನ್ನು ಲಿಖಿತವಾಗಿ ಎತ್ತಿಡುವುದು ಒಳ್ಳೆಯದು.

ಪರಿಶೀಲನೆಗೆ ಸಿದ್ಧವಾಗಲು ಈ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಸದಸ್ಯತ್ವದ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಟೋಕನ್ ಸಂಖ್ಯೆ, ವಿಭಾಗ, ಸೇರಿದ ದಿನ ಮತ್ತು ಕೊನೆಯ ಚಂದಾ ರಶೀದಿಯ ಸಂಖ್ಯೆಯನ್ನು ಬರೆಯಿರಿ. ನಿವೃತ್ತರು, ರಾಜೀನಾಮೆ ಕೊಟ್ಟವರು, ಆಫೀಸರ್ ಆಗಿ ಬಡ್ತಿ ಪಡೆದವರ ಹೆಸರನ್ನು ತೆಗೆಯಿರಿ. ಸತ್ತವರ ಹೆಸರೂ ಪಟ್ಟಿಯಲ್ಲಿ ಉಳಿದಿದ್ದರೆ ಪರಿಶೀಲನೆಯ ದಿನ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ. ಬಳಿಕ ಚಂದಾ ಹಣವನ್ನು ಸಂಬಳದಿಂದಲೇ ಕಡಿತ ಮಾಡಿಸುವ ವಿಚಾರ ನೋಡಿ. ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ಯೂನಿಯನ್ ಚಂದಾವನ್ನು ವೇತನದಿಂದ ಕಡಿತ ಮಾಡಲು, ನಾಲ್ಕು ಸಂಹಿತೆಗಳಲ್ಲಿ ಇನ್ನೊಂದಾದ ವೇತನ ಸಂಹಿತೆಯು ಅವಕಾಶ ಕೊಟ್ಟಿದೆ. ಪೇ ಸ್ಲಿಪ್ಪಿನಲ್ಲಿ ಆ ಒಂದು ಸಾಲು ಬಿದ್ದರೆ ಸದಸ್ಯತ್ವಕ್ಕೆ ಅದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ. ಆದರೆ ಯಾರು ಯಾರ ಸದಸ್ಯರೆಂಬುದು ಮ್ಯಾನೇಜ್‌ಮೆಂಟಿನ ಕಂಪ್ಯೂಟರಿಗೂ ಹೋಗುತ್ತದೆ ಎಂಬ ಭಯ ಹೊಸ ಸಂಘದವರಿಗೆ ಇರುವುದು ಸಹಜ. ಸದಸ್ಯರನ್ನು ಬೆದರಿಸುವ ವಾತಾವರಣವಿರುವ ಕಡೆ ಮೊದಲ ವರ್ಷ ಕೈ ರಶೀದಿಯಲ್ಲೇ ಮುಂದುವರಿದು, ಪರಿಶೀಲನೆಗೆ ಗುಪ್ತ ಮತದಾನದ ವಿಧಾನ ಲಭ್ಯವಿದ್ದರೆ ಅದನ್ನೇ ಕೇಳುವುದು ಸೂಕ್ತ.

ಯೂನಿಯನ್ ಸೇರಿದರೆ ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸುವುದು, ಮಾಲೀಕರೇ ಮುಂದೆ ನಿಂತು ಜೇಬು ಸಂಘ ಕಟ್ಟಿಸುವುದು, ಮಾನ್ಯತೆ ಪಡೆದ ಸಂಘದ ಜೊತೆ ಪ್ರಾಮಾಣಿಕವಾಗಿ ಮಾತುಕತೆಗೆ ಕೂರದಿರುವುದು, ಇವು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿವೆ; ಇದಕ್ಕೆ 10,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಸಂಘ-ಸಂಘಗಳ ನಡುವಿನ ಜಗಳವೂ ಈಗ ನ್ಯಾಯಮಂಡಳಿಗೆ ಹೋಗುತ್ತದೆ. ಎರಡು ಬಣಗಳೂ ತಾವೇ ನಿಜವಾದ ಪದಾಧಿಕಾರಿಗಳೆಂದು ಹೇಳಿಕೊಂಡು ವರ್ಷಗಟ್ಟಲೆ ಎಳೆದಾಡುವ ಚಾಳಿ ಬಿಡದಿದ್ದರೆ ಮಾನ್ಯತೆಯ ಅವಧಿಯೇ ಮುಗಿದುಹೋದೀತು.

ಮುಷ್ಕರಕ್ಕೆ ಮುನ್ನ

ಹಳೆಯ ಕಾಯ್ದೆಯಲ್ಲಿ ಸಾರಿಗೆ, ವಿದ್ಯುತ್, ನೀರಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಕಡ್ಡಾಯ ಮುಷ್ಕರ ನೋಟಿಸಿನ ಷರತ್ತು ಇತ್ತು. ಸಾಮಾನ್ಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯಲ್ಲಿ ನಡೆದ ಅವಮಾನಕ್ಕೆ ಮಧ್ಯಾಹ್ನವೇ ಕೆಲಸ ನಿಲ್ಲಿಸಿದರೂ ಆ ಒಂದೇ ಕಾರಣಕ್ಕೆ ಅದು ಕಾನೂನುಬಾಹಿರವಾಗುತ್ತಿರಲಿಲ್ಲ. ಈಗ ಆ ಭೇದ ಹೋಗಿದೆ. ಬಸ್ಸಿನ ಚಾಲಕ, ನಿರ್ವಾಹಕರು ಬಹುಕಾಲದಿಂದ ಅನುಭವಿಸುತ್ತಿದ್ದ ಕಟ್ಟುಪಾಡು ಬಿಸ್ಕತ್ತು ಕಾರ್ಖಾನೆಗೂ ಬಂದಿದೆ. ಮುಷ್ಕರಕ್ಕೆ ಮುನ್ನ ನೋಟಿಸು ಕೊಡಬೇಕು; ಕೊಟ್ಟ 14 ದಿನಗಳೊಳಗೆ ಕೆಲಸ ನಿಲ್ಲಿಸುವಂತಿಲ್ಲ; ನೋಟಿಸಿನಲ್ಲಿ ಹೇಳಿದ ದಿನಾಂಕಕ್ಕೆ ಮೊದಲೂ ನಿಲ್ಲಿಸುವಂತಿಲ್ಲ; ಆ ನೋಟಿಸಿಗೆ 60 ದಿನಗಳ ಆಯಸ್ಸು. ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುವ ಸರ್ಕಾರಿ ಸಂಧಾನಾಧಿಕಾರಿಯ ಮುಂದೆ ಮಾತುಕತೆ ನಡೆಯುತ್ತಿರುವಾಗ ಮತ್ತು ಅದು ಮುಗಿದ ನಂತರದ 7 ದಿನ, ನ್ಯಾಯಮಂಡಳಿಯ ಮುಂದೆ ಪ್ರಕರಣವಿರುವಾಗ ಮತ್ತು ಅದು ಮುಗಿದ ನಂತರದ 60 ದಿನ ಮುಷ್ಕರಕ್ಕೆ ನಿಷೇಧವಿದೆ. ಚಾಲ್ತಿಯಲ್ಲಿರುವ ಒಪ್ಪಂದದಲ್ಲಿ ಬಗೆಹರಿದಿರುವ ವಿಷಯಗಳಿಗೂ ಮುಷ್ಕರ ಸಲ್ಲದು. ಮಾಲೀಕರ ಲಾಕ್‌ಔಟಿಗೂ ಇವೇ ಷರತ್ತುಗಳು ಅನ್ವಯಿಸುತ್ತವೆ.

ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿದರೆ ಇಕ್ಕಟ್ಟು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಜೂನ್ 1ರಂದು ನೋಟಿಸು ಕೊಟ್ಟಿರಿ ಎನ್ನೋಣ. ಬೇರೆ ಅಡ್ಡಿಯಿಲ್ಲದಿದ್ದರೆ ಜೂನ್ 16ರಿಂದ ಜುಲೈ ಕೊನೆಯವರೆಗೆ ಮುಷ್ಕರಕ್ಕೆ ಅವಕಾಶವಿರುತ್ತದೆ. ಆದರೆ ನೋಟಿಸು ಬಂದ ಮೇಲೆ ಸಂಧಾನಾಧಿಕಾರಿ ಸಭೆ ಕರೆಯಲೇಬೇಕು. ಹೊಸ ಸಂಹಿತೆಯ ಪ್ರಕಾರ ಸಂಧಾನ ಆರಂಭವಾಯಿತೆಂದು ಲೆಕ್ಕ ಹಿಡಿಯುವುದು ಮೊದಲ ಸಭೆ ನಡೆದ ದಿನದಿಂದ; ಹಿಂದೆ ಅಧಿಕಾರಿಗೆ ನೋಟಿಸು ತಲುಪಿದ ದಿನದಿಂದ ಹಿಡಿಯುತ್ತಿದ್ದರು. ಮೊದಲ ಸಭೆ ಜೂನ್ 8ರಂದು ನಡೆದರೆ ಅಂದಿನಿಂದ ಬಾಗಿಲು ಮುಚ್ಚಿತು. ಮುಷ್ಕರ ನೋಟಿಸು ಇರುವ ಪ್ರಕರಣದಲ್ಲಿ ಅಧಿಕಾರಿ 14 ದಿನಗಳೊಳಗೆ ವರದಿ ಕೊಡಬೇಕು, ಅಂದರೆ ಜೂನ್ 22. ಅದಕ್ಕೆ 7 ದಿನ ಸೇರಿಸಿದರೆ ಬಾಗಿಲು ಮತ್ತೆ ತೆರೆಯುವುದು ಜೂನ್ 30ರ ಸುಮಾರಿಗೆ. ಸಂಧಾನ ಮುರಿದುಬಿದ್ದ ಮೇಲೆ ಎರಡೂ ಕಡೆಯವರಲ್ಲಿ ಯಾರು ಬೇಕಾದರೂ, ಸರ್ಕಾರದ ಆದೇಶಕ್ಕೆ ಕಾಯದೆ, 90 ದಿನಗಳೊಳಗೆ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಮ್ಯಾನೇಜ್‌ಮೆಂಟ್ ಆ ಏಳು ದಿನಗಳಲ್ಲೇ ಅರ್ಜಿ ಹಾಕಿತೆಂದರೆ ಪ್ರಕರಣ ತೀರ್ಮಾನವಾಗಿ 60 ದಿನ ಕಳೆಯುವವರೆಗೆ ಮುಷ್ಕರದ ದಾರಿ ಬಂದ್ ಆಗುತ್ತದೆ. ಸಂಹಿತೆಯನ್ನು ವಿರೋಧಿಸುವವರು ಮುಷ್ಕರದ ಹಕ್ಕು ಹೆಸರಿಗೆ ಮಾತ್ರ ಉಳಿದಿದೆ ಎನ್ನುವುದು ಈ ಕಾರಣಕ್ಕೇ, ಮತ್ತು ಆ ಮಾತನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಲು ನನಗಂತೂ ಸಾಧ್ಯವಿಲ್ಲ.

ಹಾಗಿರುವಾಗ ನೋಟಿಸನ್ನು ಬಳಸುವ ಬಗೆಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ನೋಟಿಸು ಕೊಡುವುದೆಂದರೆ ಸಂಧಾನಾಧಿಕಾರಿಯನ್ನು ಕಡ್ಡಾಯವಾಗಿ ಮೇಜಿಗೆ ಕರೆಸುವುದು ಎಂದು ತಿಳಿದು ಸಿದ್ಧರಾಗಿ. ಬೇಡಿಕೆ ಪಟ್ಟಿಯ ಪ್ರತಿ ಅಂಶಕ್ಕೂ ಅಂಕಿಅಂಶ, ಹಿಂದಿನ ಒಪ್ಪಂದದ ಪ್ರತಿ, ಅಕ್ಕಪಕ್ಕದ ಕಾರ್ಖಾನೆಗಳ ವೇತನದ ವಿವರ, ಕಂಪನಿಯ ವಾರ್ಷಿಕ ವರದಿ ಇವೆಲ್ಲ ನೋಟಿಸಿಗೆ ಸಹಿ ಹಾಕುವ ಮುನ್ನವೇ ಫೈಲಿನಲ್ಲಿರಬೇಕು, ಏಕೆಂದರೆ ಸಭೆ ಆರಂಭವಾದ ಮೇಲೆ ನಿಮಗಿರುವುದು 14 ದಿನ ಮಾತ್ರ. ನೋಟಿಸನ್ನು ನಿಯಮದಲ್ಲಿ ಹೇಳಿದ ನಮೂನೆಯಲ್ಲೇ ಬರೆದು, ಮಾಲೀಕರಿಗೂ ಸಂಧಾನಾಧಿಕಾರಿಗೂ ತಲುಪಿಸಿ, ಇನ್‌ವರ್ಡ್ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಗೇಟಿನ ಸೆಕ್ಯೂರಿಟಿ ಪತ್ರ ತೆಗೆದುಕೊಳ್ಳಲು ಒಪ್ಪದಿದ್ದರೆ ಅಂದೇ ನೋಂದಾಯಿತ ಅಂಚೆ ಮತ್ತು ಇ-ಮೇಲ್ ಮೂಲಕ ಕಳುಹಿಸಿ. ಪ್ರತಿ ಸಂಧಾನ ಸಭೆಯ ನಡಾವಳಿಯಲ್ಲಿ ನಿಮ್ಮ ವಾದ ಸರಿಯಾಗಿ ದಾಖಲಾಗಿದೆಯೇ ಎಂದು ಓದಿಯೇ ಸಹಿ ಮಾಡಬೇಕು. ನಾಳೆ ನ್ಯಾಯಮಂಡಳಿ ನೋಡುವ ಮೊದಲ ಕಾಗದ ಅದೇ ಆಗಿರುತ್ತದೆ.

ಸಾಮೂಹಿಕ ರಜೆಯ ಉಪಾಯವೂ ಈಗ ನಡೆಯುವುದಿಲ್ಲ. ಒಂದೇ ದಿನ ಶೇ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರ ಎಂದೇ ವ್ಯಾಖ್ಯಾನಿಸಲಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ಸೇರಿಕೊಂಡು ಸೂಚನೆಯಿಲ್ಲದೆ, ಸಕಾರಣವಿಲ್ಲದೆ ಗೈರಾದರೆ ಎಂಟು ದಿನಗಳವರೆಗಿನ ವೇತನ ಕಡಿತಕ್ಕೆ ವೇತನ ಸಂಹಿತೆಯಲ್ಲಿ ಅವಕಾಶವಿದೆ. ಕಾನೂನುಬಾಹಿರ ಮುಷ್ಕರದಲ್ಲಿ ಭಾಗವಹಿಸಿದ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಅಥವಾ ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಹಳೆಯ ಕಾಯ್ದೆಯಲ್ಲಿ ಈ ದಂಡ ಹೆಚ್ಚೆಂದರೆ 50 ರೂಪಾಯಿ ಇತ್ತು. ಮುಷ್ಕರಕ್ಕೆ ಪ್ರಚೋದಿಸಿದವರಿಗೆ 10,000ದಿಂದ 50,000 ರೂಪಾಯಿ. ಆದ್ದರಿಂದ ಪದಾಧಿಕಾರಿಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಾಳೆ ಯಾರೂ ಒಳಗೆ ಹೋಗಬೇಡಿ’ ಎಂದು ಬರೆಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಕಪ್ಪುಪಟ್ಟಿ ಧರಿಸುವುದು, ಪಾಳಿ ಮುಗಿದ ಮೇಲೆ ಧರಣಿ ಕೂರುವುದು, ಕ್ಯಾಂಟೀನ್ ಊಟ ಬಿಡುವುದು ಇವು ಕೆಲಸ ನಿಲ್ಲಿಸುವ ಕ್ರಮಗಳಲ್ಲ. ಆದರೂ ಶಿಸ್ತಿನ ನಿಯಮಗಳನ್ನು ಒಮ್ಮೆ ನೋಡಿಕೊಂಡೇ ಇವುಗಳಿಗೆ ಕರೆ ಕೊಡಿ.

ರಕ್ಷಿತ ಕಾರ್ಮಿಕರ, ಅಂದರೆ ಕಾನೂನಿನ ವಿಶೇಷ ರಕ್ಷಣೆ ಪಡೆಯುವ ಯೂನಿಯನ್ ಪದಾಧಿಕಾರಿಗಳ ಪಟ್ಟಿಯನ್ನು ಪ್ರತಿ ವರ್ಷ ನಿಗದಿತ ಸಮಯದೊಳಗೆ ಮಾಲೀಕರಿಗೆ ಕೊಡುವುದನ್ನು ಮರೆಯಬೇಡಿ. ಒಟ್ಟು ಕಾರ್ಮಿಕರ ಶೇ 1ರಷ್ಟು ಮಂದಿಗೆ, ಕನಿಷ್ಠ ಐದು ಮತ್ತು ಗರಿಷ್ಠ ನೂರು ಮಂದಿಗೆ ಈ ರಕ್ಷಣೆ ಸಿಗುತ್ತದೆ. ವಿವಾದ ಬಾಕಿ ಇರುವಾಗ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಇಂಥವರನ್ನು ವಜಾ ಮಾಡುವಂತಿಲ್ಲ.

ಕುಂದುಕೊರತೆ ಸಮಿತಿ ಮತ್ತು ಸ್ಥಾಯಿ ಆದೇಶಗಳು

20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಹತ್ತು ಮಂದಿಗೆ ಮೀರದ ಈ ಸಮಿತಿಯಲ್ಲಿ ಅರ್ಧ ಕಾರ್ಮಿಕರ ಕಡೆಯವರು, ಅರ್ಧ ಮಾಲೀಕರ ಕಡೆಯವರು. ಅಧ್ಯಕ್ಷತೆ ವರ್ಷಕ್ಕೊಮ್ಮೆ ಕಡೆ ಬದಲಾಗುತ್ತದೆ. ಮಹಿಳಾ ಕಾರ್ಮಿಕರ ಪ್ರಮಾಣಕ್ಕೆ ತಕ್ಕಂತೆ ಮಹಿಳಾ ಸದಸ್ಯರಿರಬೇಕು. ಹೊಲಿಗೆ ಯಂತ್ರಗಳ ಮುಂದೆ ಮಹಿಳೆಯರೇ ತುಂಬಿರುವ ಗಾರ್ಮೆಂಟ್ಸ್ ಘಟಕಗಳಲ್ಲಿ ಈ ಒಂದು ವಾಕ್ಯವನ್ನು ಹಿಡಿದು ಕೇಳಿದರೆ ಸಮಿತಿಯ ಸ್ವರೂಪವೇ ಬದಲಾಗಬೇಕಾಗುತ್ತದೆ. ದೂರನ್ನು ಕಾರಣ ಹುಟ್ಟಿದ ಒಂದು ವರ್ಷದೊಳಗೆ ಕೊಡಬೇಕು, ಸಮಿತಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದ ನಿರ್ಣಯ ನಿರ್ಣಯವೇ ಅಲ್ಲ. ತೃಪ್ತಿಯಾಗದಿದ್ದರೆ 60 ದಿನಗಳೊಳಗೆ ಯೂನಿಯನ್ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು.

ಸ್ಥಾಯಿ ಆದೇಶಗಳ ವಿಷಯದಲ್ಲಿ ನಷ್ಟವಾಗಿರುವುದು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳವರಿಗೆ. ಅವು ಕಡ್ಡಾಯವಾಗಲು ಮೂಲ ಕಾಯ್ದೆಯಲ್ಲಿ 100 ಕಾರ್ಮಿಕರೆಂದಿದ್ದ ಮಿತಿ ಈಗ 300 ಆಗಿದೆ. 300ರ ಕೆಳಗಿರುವ ಸಂಸ್ಥೆಯಲ್ಲಿ ರಜೆ, ಪಾಳಿ, ದುರ್ನಡತೆ, ವಿಚಾರಣೆಯ ಕ್ರಮ ಇವೆಲ್ಲವನ್ನೂ ಇನ್ನು ನೇಮಕಾತಿ ಪತ್ರ ಮತ್ತು ದ್ವಿಪಕ್ಷೀಯ ಒಪ್ಪಂದಗಳೇ ನಿರ್ಧರಿಸಲಿವೆ. ಅಂಥ ಕಡೆ ಮುಂದಿನ ವೇತನ ಒಪ್ಪಂದದಲ್ಲೇ ಶಿಸ್ತುಕ್ರಮದ ಒಂದು ಅಧ್ಯಾಯವನ್ನು ಸೇರಿಸಿಕೊಳ್ಳುವಂತೆ ಪಟ್ಟು ಹಿಡಿಯಬೇಕು. ಐನೂರು ರೂಪಾಯಿ ಹೆಚ್ಚಳಕ್ಕಿಂತ ಅದು ಹೆಚ್ಚು ಬೆಲೆಬಾಳುವ ದಿನ ಬಂದೇ ಬರುತ್ತದೆ. 300 ಅಥವಾ ಹೆಚ್ಚು ಮಂದಿಯಿರುವ ಕಡೆ ಮಾಲೀಕರು ಕರಡನ್ನು ಸಂಘದೊಂದಿಗೆ ಸಮಾಲೋಚಿಸಿ ಪ್ರಮಾಣೀಕರಣಾಧಿಕಾರಿಗೆ ಕಳುಹಿಸಬೇಕು. ಆ ಅಧಿಕಾರಿ 60 ದಿನಗಳಲ್ಲಿ ತೀರ್ಮಾನಿಸದಿದ್ದರೆ ಕರಡೇ ಪ್ರಮಾಣೀಕೃತವಾಯಿತೆಂದು ಪರಿಗಣಿಸಲಾಗುತ್ತದೆ. ಹಾಗಾಗಿ ‘ವಿಚಾರಣೆಗೆ ಕರೆಯಲಿ, ಆಗ ಹೇಳೋಣ’ ಎಂದು ಕೂರದೆ ಆಕ್ಷೇಪಣೆಗಳನ್ನು ಮೊದಲ ವಾರದಲ್ಲೇ ಲಿಖಿತವಾಗಿ ಸಲ್ಲಿಸಿ.

ಕೆಲಸ ಹೋದಾಗ

ಲೇ ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ರಿಟ್ರೆಂಚ್‌ಮೆಂಟ್ (ಹೆಚ್ಚುವರಿ ಎಂದು ಕೆಲಸದಿಂದ ತೆಗೆಯುವುದು) ಮತ್ತು ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿಯೂ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಅನುಮತಿ ಬೇಕಾದ ಕಡೆಯೂ ಸರ್ಕಾರ 60 ದಿನ ಸುಮ್ಮನಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ಅರ್ಜಿ ಬಿದ್ದ ಸುಳಿವು ಸಿಕ್ಕ ದಿನವೇ ಯೂನಿಯನ್ ತನ್ನ ಆಕ್ಷೇಪಣೆಯನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅಥವಾ ಸಂಬಂಧಪಟ್ಟ ಕಚೇರಿಗೆ ಮುಟ್ಟಿಸಬೇಕು. ರಿಟ್ರೆಂಚ್ ಆದವರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರ ಹಿಂದಿನಂತೆಯೇ ಇದೆ. ಅದರ ಮೇಲೆ, ಮರುಕೌಶಲ ನಿಧಿಗೆ ಮಾಲೀಕರು ಕಟ್ಟುವ 15 ದಿನಗಳ ವೇತನ 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು, ಇದು ಹೊಸದು. ಬಾಕಿ ವೇತನವನ್ನು ಕೆಲಸ ಬಿಟ್ಟ ಅಥವಾ ಬಿಡಿಸಿದ ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ವೇತನ ಬಾಕಿಯ ಅರ್ಜಿಯನ್ನು ಕಾರ್ಮಿಕನ ಪರವಾಗಿ ಅವನ ನೋಂದಾಯಿತ ಸಂಘವೇ ಮೂರು ವರ್ಷಗಳೊಳಗೆ ಹಾಕಬಹುದು.

ನಿಗದಿತ ಅವಧಿಯವರ ಕರಾರು ಮುಗಿದರೆ ಅದನ್ನು ರಿಟ್ರೆಂಚ್‌ಮೆಂಟ್ ಎಂದು ಪರಿಗಣಿಸುವುದಿಲ್ಲ. ಆದರೆ ಅದೇ ಕೆಲಸ ಮಾಡುವ ಪರ್ಮನೆಂಟ್ ಕಾರ್ಮಿಕರಷ್ಟೇ ವೇತನ ಮತ್ತು ಸವಲತ್ತು ಅವರಿಗೂ ಸಲ್ಲಬೇಕು. ಒಂದು ವರ್ಷ ಸೇವೆ ಮುಗಿಸಿದರೆ ಗ್ರ್ಯಾಚುಟಿಯೂ ಸಿಗಬೇಕು. ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಹೊರಟ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಮಾತು ಸಿಗಲಾರದು: ಅವರ ಪೇ ಸ್ಲಿಪ್ಪನ್ನು ಪಕ್ಕದ ಪರ್ಮನೆಂಟ್ ಕಾರ್ಮಿಕನ ಪೇ ಸ್ಲಿಪ್ಪಿನ ಜೊತೆ ಇಟ್ಟು ಸಾಲು ಸಾಲಾಗಿ ಹೋಲಿಸಿ ತೋರಿಸಿ.

ವಜಾ ಆದ ಒಬ್ಬ ಕಾರ್ಮಿಕನ ಪ್ರಕರಣದಲ್ಲಿ ಮೊದಲು ಸಂಧಾನಾಧಿಕಾರಿಗೆ ಅರ್ಜಿ ಕೊಡಬೇಕು. 45 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ಆತನೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಈ ಎಲ್ಲದಕ್ಕೂ ವಜಾ ಆದ ದಿನದಿಂದ ಎರಡು ವರ್ಷಗಳ ಗಡುವಿದೆ. ಹಿಂದೆ ಮೂರು ವರ್ಷ ಇತ್ತು. ‘ಮೂರು ವರ್ಷ ಟೈಮ್ ಇದೆ’ ಎಂದು ಹಳೆಯ ಲೆಕ್ಕದಲ್ಲೇ ಊರಿಗೆ ಹೋಗಿ ಕುಳಿತಿರುವ ಸದಸ್ಯರಿಗೆ ಈಗಲೇ ಫೋನ್ ಮಾಡಿ, ವಜಾ ಆದೇಶ, ಚಾರ್ಜ್‌ಶೀಟ್, ವಿಚಾರಣೆಯ ನಡಾವಳಿ, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಮತ್ತು ಐಡಿ ಕಾರ್ಡಿನ ಪ್ರತಿಯನ್ನು ಯೂನಿಯನ್ ಕಚೇರಿಗೆ ತಂದುಕೊಡುವಂತೆ ಹೇಳಿ.